ಮೊದಲ ಹನಿ ನೆಲಕ್ಕೆ

ಮಹಾನಂದಾ ಗೌಳಿಯ ಕೈಗುಣ ಒಳ್ಳೆಯದು ಎಂಬ ಮಾತು ಹುಬ್ಬಳ್ಳಿಯಿಂದ ಬಾದಾಮಿಯವರೆಗೆ ಹಬ್ಬಲು ನಾಲ್ಕೇ ತಿಂಗಳು ಹಿಡಿಯಿತು. ಒಬ್ಬ ಬಸುರಿಗೆ ತಿಳಿದದ್ದು ಹತ್ತು ಬಸುರಿಯರಿಗೆ ತಿಳಿಯುವುದಕ್ಕೆ ಫೋನು ಬೇಕಿಲ್ಲ, ನಳದ ಮುಂದೆ ಕೊಡಗಳ ಸರದಿ ಇದ್ದರೆ ಸಾಕು. ಬೈಪಾಸ್ ರಸ್ತೆಯ ಗರ್ಭ ತಪಾಸಣಾ ಕೇಂದ್ರದಲ್ಲಿ ಆಕೆ ಯುಗಾದಿಯ ಮರುದಿನ ಸೂಜಿ ಹಿಡಿದಳು. ಅಂದಿನಿಂದ ಶ್ರಾವಣದ ತನಕ ಮೂವತ್ತೊಂದು ಹೆಣ್ಣುಮಕ್ಕಳು ಆಕೆಯ ಮುಂದೆ ಮಲಗಿ ಎದ್ದರು, ಒಬ್ಬಳೂ ಅಳುತ್ತ ಮನೆಗೆ ಹೋಗಲಿಲ್ಲ. ಅವರು ತಂದುಕೊಡುವ ಪೇಡೆಯಿಂದ ಮೇಜಿನ ಮೇಲಿನ ಡಬ್ಬಿ ಬರಿದಾದದ್ದೇ ಇಲ್ಲ.

ಮಹಾನಂದಾಳಿಗೆ ಹೆಮ್ಮೆಯಿತ್ತು. ಇರಲಿಲ್ಲ ಎಂದರೆ ಸುಳ್ಳಾದೀತು. ಹುಬ್ಬಳ್ಳಿಯ ಗೌಳಿ ಗಲ್ಲಿಯಲ್ಲಿ ಎಮ್ಮೆಗಳ ನಡುವೆ ಬೆಳೆದ ಮೂರನೆಯ ಮಗಳು, ಸೆಗಣಿ ಬಳಿದ ಕೈಯಲ್ಲೇ ಪುಸ್ತಕ ಹಿಡಿದು ಓದಿ, ನರ್ಸ್ ಆಗಿ, ಮತ್ತೆರಡು ವರ್ಷ ಜೀನುಗಳ ತಪಾಸಣೆ ಕಲಿತು ಇಲ್ಲಿಗೆ ಬಂದವಳು. ಆಕೆಯ ತಾಯಿ ಗುರವ್ವನಂತೂ ಹಾಲು ಹಾಕುವ ಒಂದೊಂದು ಮನೆಯ ಬಾಗಿಲಲ್ಲೂ ನಿಂತು, ನನ್ನ ಮಗಳ ಕೈಯಿಂದ ಕೆಟ್ಟ ಸುದ್ದಿ ಬರುವುದೇ ಇಲ್ಲ ಎಂದು ಹೇಳಿಯೇ ಮುಂದಿನ ಮನೆಗೆ ಹೋಗುತ್ತಿದ್ದಳು. ಬರುವ ತಿಂಗಳು ಮಹಿಳಾ ಮಂಡಳದವರು ಸನ್ಮಾನ ಇಟ್ಟುಕೊಂಡಿದ್ದರು. ಕಾರ್ಡು ಕೂಡ ಅಚ್ಚಾಗಿತ್ತು.

ಕೇಂದ್ರಕ್ಕೆ ಬರುವವರದು ಒಂದೇ ಚಿಂತೆ. ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಥಲಸ್ಸೀಮಿಯಾ ಎಂಬ ದೋಷ ಅರ್ಧರ್ಧ ಅಡಗಿರುತ್ತದೆ. ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ, ಹೊಲ ಉಳುತ್ತಾರೆ, ಮಗ್ಗ ನೇಯುತ್ತಾರೆ, ಎಪ್ಪತ್ತು ವರ್ಷ ಬಾಳುತ್ತಾರೆ. ಆದರೆ ಎರಡು ಅರ್ಧ ಒಂದೇ ಕೂಸಿಗೆ ಕೂಡಿಬಂದರೆ ಆ ಕೂಸಿನ ಮೈ ತನ್ನ ರಕ್ತವನ್ನು ತಾನು ಮಾಡಿಕೊಳ್ಳಲಾರದು, ಮೂರು ವಾರಕ್ಕೊಮ್ಮೆ ಇನ್ನೊಬ್ಬರ ರಕ್ತ ಏರಿಸಬೇಕು. ಇಂಥ ದಂಪತಿಗಳಿಗೆ ನಾಲ್ಕರಲ್ಲಿ ಒಂದು ಕೂಸು ಹಾಗೆ, ಎರಡು ಅರ್ಧ ದೋಷದವು, ಒಂದು ಪೂರ್ತಿ ನಿರ್ಮಲ. ಸೋದರಿಕೆಯಲ್ಲೇ ಹೆಣ್ಣು ಕೊಟ್ಟು ತಂದುಕೊಳ್ಳುವ ಸೀಮೆಯಲ್ಲಿ ಎರಡು ಅರ್ಧ ಕೂಡುವುದಕ್ಕೆ ಬಹಳ ದೂರ ಹೋಗಬೇಕಿಲ್ಲ.

ಹಿಂದೆ ಹೊಟ್ಟೆಯೊಳಗಿನ ಕೂಸಿನ ಪರೀಕ್ಷೆ ಎಂದರೆ ಗೇಣುದ್ದದ ಸೂಜಿ, ಚಮಚಗಟ್ಟಲೆ ಗರ್ಭದ ನೀರು, ಎಲ್ಲಿ ಗರ್ಭ ಜಾರೀತೋ ಎಂಬ ಭಯ, ಮೇಲೆ ಎರಡು ವಾರ ಕಾಯುವ ಸಂಕಟ. ಈಗ ಹನಿಸೂಜಿ ಬಂದಿತ್ತು. ಕೂದಲಿಗಿಂತ ತುಸು ದಪ್ಪ, ಅಷ್ಟೇ. ಕೂಸು ಎತ್ತ ಹೊರಳುತ್ತಿದೆ ಎಂದು ತಾನೇ ನೋಡಿಕೊಂಡು ದಾರಿ ಹಿಡಿಯುತ್ತಿತ್ತು. ಹಿಡಿದವರ ಕೈ ಅಲುಗದೆ ಇದ್ದರೆ ಸಾಕು. ಆ ನೀರಿನಲ್ಲಿ ತೇಲುವ ಕೂಸಿನ ಚರ್ಮದ ಕೋಶಗಳನ್ನು ಓದಿ ನಲವತ್ತು ನಿಮಿಷಕ್ಕೆ ಫಲಿತಾಂಶ ಕೊಡುತ್ತಿತ್ತು. ಮೊದಲು ಮೂರು ಹನಿ ಎಳೆಯುತ್ತಿದ್ದ ಸೂಜಿಯನ್ನು ಕಂಪನಿಯವರು ಯುಗಾದಿಯ ಹೊತ್ತಿಗೆ ಸುಧಾರಿಸಿ ಕಳಿಸಿದ್ದರು. ಈಗ ಒಂದೇ ಹನಿ ಸಾಕು, ಒಂದು ಕಣವೂ ವ್ಯರ್ಥವಿಲ್ಲ ಎಂದು ಅದರ ಜೊತೆಗೆ ಬಂದ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಕೂಸಿಗೆ ದೋಷವಿದೆ ಎಂದು ಗೊತ್ತಾದರೆ ಹಿಂದೆ ಇದ್ದದ್ದು ಎರಡೇ ದಾರಿ, ಎರಡೂ ಕಣ್ಣೀರಿನವು. ಈಗ ಮೂರನೆಯದೊಂದು ತೆರೆದಿತ್ತು: ಗರ್ಭದಲ್ಲಿರುವಾಗಲೇ ಮದ್ದು. ಆದರೆ ಅದಕ್ಕೆ ಇಪ್ಪತ್ನಾಲ್ಕನೆಯ ವಾರದ ಗಡುವು. ಅಷ್ಟರೊಳಗೆ ಕೂಸಿನ ಮೈಗೆ ತನ್ನದು ಪರರದು ಎಂಬ ಭೇದ ಇನ್ನೂ ಬಲಿತಿರುವುದಿಲ್ಲ, ಕೊಟ್ಟದ್ದನ್ನು ತನ್ನದೆಂದು ಇಟ್ಟುಕೊಳ್ಳುತ್ತದೆ. ಗಡುವು ದಾಟಿತೋ, ಬಾಗಿಲು ಮುಚ್ಚಿದಂತೆ.

ಯಂತ್ರಕ್ಕೆ ಇನ್ನೊಂದು ಕಟ್ಟು ಇತ್ತು. ಗಂಡೋ ಹೆಣ್ಣೋ ಎಂಬುದನ್ನು ಹೇಳುವ ಭಾಗವನ್ನು ಅದು ಯಾರಿಗೂ ತೋರಿಸುತ್ತಿರಲಿಲ್ಲ, ಸೂಜಿ ಹಿಡಿದವರಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಕಾನೂನೇ ಹಾಗೆ. ಪರದೆಯ ಮೇಲೆ ಆ ಜಾಗದಲ್ಲಿ ಒಂದು ಬೂದು ಪಟ್ಟಿ ಇಳಿಬಿಟ್ಟಿರುತ್ತಿತ್ತು. ಕೇಂದ್ರದ ಹೆಣ್ಣುಮಕ್ಕಳು ಅದಕ್ಕೆ ಸೆರಗು ಎಂದು ಹೆಸರಿಟ್ಟಿದ್ದರು.

ಮೃಗಶಿರಾ ಮಳೆಯ ಹೊತ್ತಿಗೆ ಬೆಟಗೇರಿಯಿಂದ ಶಿವಲೀಲಾ ಬಂದಿದ್ದಳು, ಹದಿನಾರನೆಯ ವಾರದ ಬಸುರಿ. ಜೊತೆಗೆ ಗಂಡ ಮಲ್ಲೇಶಿ, ಅತ್ತೆ ನಾಗವ್ವ. ಮಲ್ಲೇಶಿ ಬೇರೆ ಯಾರೂ ಅಲ್ಲ, ಶಿವಲೀಲಾಳ ಸೋದರಮಾವ. ಹಾಗಾಗಿ ನಾಗವ್ವ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಶಿವಲೀಲಾ ಇಂದಿಗೂ ಅತ್ತೆಯನ್ನು ಆಯಿ ಎಂದೂ ಗಂಡನನ್ನು ಮಾವ ಎಂದೂ ಕರೆಯುತ್ತಿದ್ದಳು. ಅವರ ಮೊದಲ ಮಗಳು ಗೌರಿಗೆ ಆರು ವರ್ಷ. ಮೂರು ವಾರಕ್ಕೊಮ್ಮೆ ರಕ್ತದ ಬಾಟಲಿಯ ಕೆಳಗೆ ಕೂತು ಚಿತ್ರಕ್ಕೆ ಬಣ್ಣ ತುಂಬುವ ಹುಡುಗಿ. ಇನ್ನೊಂದು ಕೂಸಿಗೆ ಆ ಬಾಟಲಿ ಬೇಡ ಎಂಬುದೊಂದೇ ಆ ಮೂವರ ಹರಕೆ. ಫಲಿತಾಂಶ ಬಂತು: ಅರ್ಧ ದೋಷ, ಅಂಜಿಕೆಯಿಲ್ಲ. ನಾಗವ್ವ ಮಹಾನಂದಾಳ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು, ನಿನ್ನ ಕೈ ಬಂಗಾರಾಗಲಿ ತಂಗಿ ಎಂದಳು.

ಅದಾದ ಐದು ವಾರಕ್ಕೆ ಮಹಾನಂದಾಳ ಹಳದಿ ಪೆನ್ನು ತೀರಿತು.

ಆಕೆಗೆ ಒಂದು ರೂಢಿಯಿತ್ತು. ಕಂಪ್ಯೂಟರ್ ಏನೇ ಬರೆದುಕೊಳ್ಳಲಿ, ತಾನೊಂದು ಉದ್ದನೆಯ ವಹಿಯಲ್ಲಿ ಬಂದವರ ಹೆಸರು ಬರೆದು ಎದುರಿಗೆ ಬಣ್ಣದ ಚುಕ್ಕೆ ಇಡುತ್ತಿದ್ದಳು. ಪೂರ್ತಿ ದೋಷಕ್ಕೆ ಕೆಂಪು, ಅರ್ಧಕ್ಕೆ ಹಳದಿ, ನಿರ್ಮಲಕ್ಕೆ ಹಸಿರು. ಅಂದು ಹಳದಿ ಬಾರದೆ ಹೋದಾಗ, ಈ ಒಂದು ಚುಕ್ಕೆಗೆ ಹಸಿರೇ ಇರಲಿ, ಮೇಲೆ ಟಿಪ್ಪಣಿ ಹಾಕಿದರಾಯಿತು ಎಂದುಕೊಂಡು ಹಸಿರು ಪೆನ್ನು ತೆಗೆದಳು. ಅದು ಬರೆಯಲಿಲ್ಲ. ಕೆಂಪು ತೆಗೆದಳು. ಅದೂ ಒಣಗಿ ಹೋಗಿತ್ತು. ಮೂರನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡದ್ದು. ಒಂದು ಬರೆದು ಬರೆದು ತೀರಿತ್ತು, ಎರಡು ಬರೆಯದೆ ಒಣಗಿದ್ದವು. ವಹಿ ತಿರುವಿ ನೋಡಿದಳು. ಇಂದಿನದೂ ಸೇರಿ ಮೂವತ್ತೊಂದು ಹೆಸರು, ಮೂವತ್ತೊಂದೂ ಹಳದಿ.

ಇಷ್ಟು ದಿನ ಆಕೆ ಕೆಂಪಿಲ್ಲದ್ದನ್ನಷ್ಟೇ ಕಂಡು ಹಿಗ್ಗಿದ್ದಳು, ಹಸಿರೂ ಇಲ್ಲದ್ದನ್ನು ಕಂಡಿರಲಿಲ್ಲ. ಕೈಗುಣ ಒಳ್ಳೆಯದಿದ್ದರೆ ಒಂದಾದರೂ ಕೂಸು ನಿರ್ಮಲವಾಗಿರಬೇಕಿತ್ತಲ್ಲ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪದ್ಮಿನಿ ಇನಾಮದಾರ ಅವರಿಗೆ ವಹಿ ತೋರಿಸಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಸಂಖ್ಯೆ ಸಣ್ಣದು, ಒಮ್ಮೊಮ್ಮೆ ಹೀಗೂ ಆಗುತ್ತದೆ ಎಂದು ಬಾಯಲ್ಲಿ ಅಂದರು. ಆದರೆ ವಹಿಯನ್ನು ತಿರುಗಿ ಕೊಡುವುದನ್ನು ಮರೆತು ತಮ್ಮ ಬಳಿಯೇ ಇಟ್ಟುಕೊಂಡರು. ಕಂಪನಿಗೆ ಕೇಳಿದರೆ ಯಂತ್ರ ಸರಿಯಾಗಿದೆ ಎಂಬ ಉತ್ತರ ಅರ್ಧ ನಿಮಿಷದಲ್ಲಿ ಬಂತು.

ಮರುದಿನ ವಾರದ ರಜೆ. ಬೆಳಗಿನ ಐದಕ್ಕೆ ಗುರವ್ವ ಆಕೆಯನ್ನು ಎಬ್ಬಿಸಿದಳು. ಮೊಣಕಾಲು ಹಿಡಿದಿತ್ತು, ಒಂದೆರಡು ಎಮ್ಮೆ ಹಿಂಡಿಕೊಡು ಎಂದಳು. ಗಲ್ಲಿಯಲ್ಲಿ ಈಗ ಎಮ್ಮೆ ಉಳಿದದ್ದು ಮೂರೇ ಮನೆಯಲ್ಲಿ. ಉಳಿದವರೆಲ್ಲ ಕಾರ್ಖಾನೆಯ ಹಾಲಿಗೆ ಒಗ್ಗಿದ್ದರು, ಎಮ್ಮೆಯನ್ನೇ ಕಾಣದ ಹಾಲು. ಗುರವ್ವ ಮಾತ್ರ ಹಿಂಡುವ ಯಂತ್ರವನ್ನೂ ಕೊಟ್ಟಿಗೆಯ ಹೊಸ್ತಿಲು ದಾಟಗೊಟ್ಟಿರಲಿಲ್ಲ.

ಮಹಾನಂದಾಳ ಮನಸ್ಸು ವಹಿಯಲ್ಲಿತ್ತು. ಕುಕ್ಕರುಗಾಲಲ್ಲಿ ಕೂತು ಚರಗಿಯನ್ನು ನೇರ ಕೆಚ್ಚಲ ಕೆಳಗಿಟ್ಟು ಹಿಂಡತೊಡಗಿದಳು. ಹಿಂದಿನಿಂದ ತಾಯಿಯ ಕೈ ಬಂದು ಚರಗಿಯನ್ನು ಪಕ್ಕಕ್ಕೆ ಎಳೆಯಿತು.

"ಎಲ್ಲಿ ಐತಿ ನಿನ್ನ ಲಕ್ಷ್ಯ? ಮೊದಲಿನ ನಾಕ ಧಾರಿ ನೆಲಕ್ಕ ಬಿಡಬೇಕು, ಆಮ್ಯಾಲ ಚರಗಿ ಹಿಡಿಬೇಕು. ಮೊದಲ ಬರೂದು ಹಾಲಲ್ಲವಾ, ಮೊಲಿ ಬಾಯಾಗ ಹತ್ತಿದ್ದ ಹೊಲಸು. ಇಷ್ಟ ಓದಿ ಇದನ್ನ ಮರತೇನು?"

ಮಹಾನಂದಾ ಎಮ್ಮೆಯ ಪಕ್ಕದಲ್ಲೇ ಕೂತುಬಿಟ್ಟಳು. ಹಾಲು ನೆಲದ ಮೇಲೆ ಹರಿದು ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಓದುವಾಗ ಒಂದು ಸಾಲು ಕಲಿತಿದ್ದಳು: ದೊಡ್ಡ ಸೂಜಿಯ ಕಾಲದಲ್ಲಿ ಎಳೆದ ನೀರಿನ ಮೊದಲ ಪಾಲನ್ನು ಚೆಲ್ಲುತ್ತಿದ್ದರು. ಸೂಜಿ ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯು ಎಲ್ಲ ದಾಟಿ ಒಳಗೆ ಹೋಗುವಾಗ ತಾಯಿಯ ಕೋಶಗಳು ಅದರ ತುದಿಗೆ ಹತ್ತುತ್ತವೆ, ಆ ಪಾಲು ಕೂಸಿನದಲ್ಲ. ಹಳೆಯ ಹನಿಸೂಜಿ ಮೂರು ಹನಿ ಎಳೆದು ಎರಡನ್ನು ತಾನೇ ಹೊರಗೆ ಬಿಡುತ್ತಿತ್ತು, ಹಾಗಾಗಿ ಯಾರೂ ಅದರ ಚಿಂತೆ ಮಾಡಿರಲಿಲ್ಲ. ಹೊಸದು ಒಂದೇ ಹನಿ ಎಳೆಯುತ್ತದೆ. ಒಂದು ಕಣವೂ ವ್ಯರ್ಥವಿಲ್ಲ. ಆ ಒಂದು ಹನಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತಾಯಿ; ಉಳಿದ ಐದನ್ನು ಯಂತ್ರ ಲೆಕ್ಕಕ್ಕೆ ಬಾರದ ಕಲಬೆರಕೆಯೆಂದು ಒರೆಸಿಹಾಕುತ್ತದೆ. ಬಂದ ತಾಯಂದಿರೆಲ್ಲರೂ ಅರ್ಧ ದೋಷದವರೇ. ಎಲ್ಲ ಚುಕ್ಕೆ ಹಳದಿಯಾಗದೆ ಇನ್ನೇನಾದೀತು.

ನಾಲ್ಕು ತಿಂಗಳು ಆಕೆ ಒಂದು ಕೂಸನ್ನೂ ನೋಡಿರಲಿಲ್ಲ. ಬರೀ ತಾಯಂದಿರನ್ನು ನೋಡಿ, ಕೂಸು ಚೆನ್ನಾಗಿದೆ ಎಂದು ಹೇಳಿ ಪೇಡೆ ತಿಂದಿದ್ದಳು. ಎಮ್ಮೆಯನ್ನು ತಾಯಿಗೆ ಬಿಟ್ಟು ಕೈ ಕೂಡ ಸರಿಯಾಗಿ ತೊಳೆಯದೆ ಡಾಕ್ಟರ ಮನೆಗೆ ಓಡಿದಳು.

ಹತ್ತು ಗಂಟೆಗೆ ಕೇಂದ್ರದ ಪರದೆಯ ಮೇಲೆ ಕಂಪನಿಯ ಇಂಜಿನಿಯರ್ ಶ್ರೀವತ್ಸ ಕೂತಿದ್ದ, ಮೈಸೂರಿನವನು, ಒಳ್ಳೆಯ ಮನುಷ್ಯನೇ. ಎಲ್ಲ ಕೇಳಿಸಿಕೊಂಡು ಅವನ ಮುಖ ಬಿಳಿಚಿತು. ಇದು ಬೇರೆ ದೇಶದಲ್ಲಾಗಿದ್ದರೆ ಒಂದು ವಾರದಲ್ಲಿ ಸಿಕ್ಕಿಬೀಳುತ್ತಿತ್ತು ಎಂದು ಅವನೇ ಹೇಳಿದ. ತಾಯಿಯ ಕೋಶ ಓದಿದ ಯಂತ್ರ ಬಂದ ಕೂಸುಗಳೆಲ್ಲ ಹೆಣ್ಣೆಂದು ತೋರಿಸಿದಾಗ ಯಾರಿಗಾದರೂ ಹೊಳೆಯುತ್ತಿತ್ತು. ಇಲ್ಲಿ ಸೆರಗಿತ್ತು, ಹಾಗಾಗಿ ಯಾರಿಗೂ ಕಾಣಲಿಲ್ಲ. ಆಮೇಲೆ ದನಿ ತಗ್ಗಿಸಿ ಅವನೆಂದ:

"ಮೇಡಂ, ನನ್ನ ಹತ್ರ ಒಂದು ಕೋಡ್ ಇದೆ. ಐದು ನಿಮಿಷ ಆ ಪಟ್ಟಿ ತೆಗೆದು ನೋಡ್ಬಿಡೋಣ. ಮೂವತ್ತೊಂದೂ ಹೆಣ್ಣು ಅಂತ ಬಂದ್ರೆ ಬೇರೆ ಸಾಕ್ಷಿನೇ ಬೇಡ. ಮತ್ತೆ ಮುಚ್ಚಿದ್ರಾಯ್ತು, ಯಾರಿಗೂ ಗೊತ್ತಾಗಲ್ಲ."

ಒಂದೊಂದು ದಿನವೂ ಯಾವುದೋ ಕೂಸಿನ ಗಡುವನ್ನು ತಿನ್ನುತ್ತಿತ್ತು. ಡಾಕ್ಟರ್ ಇನಾಮದಾರರ ಮನಸ್ಸು ವಾಲಿದ್ದು ಮುಖದಲ್ಲೇ ಕಾಣುತ್ತಿತ್ತು. ಮಹಾನಂದಾ ಮಾತ್ರ ತಲೆಯಾಡಿಸಿದಳು.

"ನಮ್ಮವ್ವಗ ನಾ ಮೂರನೇ ಹೆಣ್ಣರಿ. ಈ ಸೆರಗಿನ ಕಾಯ್ದೆ ಇರಲಿಲ್ಲಂದ್ರ ನಾ ಇರತಿದ್ನೋ ಇಲ್ಲೋ. ಇವತ್ತ ನಾವು ಒಳ್ಳೇದಕ್ಕ ಅಂತ ಸರಿಸೂದು, ನಾಳೆ ಆ ಕೋಡ್ ಇನ್ನೊಬ್ಬರ ಕೈಯಾಗ ಇರತೈತಿ. ಬ್ಯಾಡ್ರಿ. ಬ್ಯಾರೆ ಹಾದಿ ಹುಡುಕೋಣು."

"ಯಾವ ಹಾದಿ ಅದ ಹೇಳು," ಎಂದರು ಡಾಕ್ಟರು.

"ಕೂಸಿನ ಮೈಯಾಗ ಅರ್ಧ ಅಪ್ಪಂದು ಇರಬೇಕಲ್ರಿ. ಅಪ್ಪನ ಒಂದು ಹನಿ ರಕ್ತ ತಂದು ಇಟ್ಟು ನೋಡೋಣು. ಅವನ ಗುರುತು ಇಲ್ಲಂದ್ರ ಅದು ಕೂಸಲ್ಲ, ತಾಯಿ."

ಡಾಕ್ಟರು ಆಕೆಯನ್ನು ಒಂದು ಕ್ಷಣ ನೋಡಿ, ಶ್ರೀವತ್ಸನಿಗೆ ಕೋಡ್ ಮರೆತುಬಿಡಿ ಎಂದು ಹೇಳಿ ಪರದೆ ಆರಿಸಿದರು. ಇಪ್ಪತ್ತೆರಡನೆಯ ವಾರಕ್ಕೆ ಕಾಲಿಡುತ್ತಿದ್ದವಳು ಶಿವಲೀಲಾ, ಹಾಗಾಗಿ ಮೊದಲು ಮಲ್ಲೇಶಿಯನ್ನೇ ಕರೆಸಿದರು. ಯಾಕೆ ಎಂದು ಬಿಡಿಸಿ ಹೇಳಲಿಲ್ಲ. ಖಾತ್ರಿಯಾಗುವ ಮುಂಚೆ ಬಸುರಿಯನ್ನು ಹೆದರಿಸುವುದು ಬೇಡ ಎಂದು ಇನ್ನೊಂದು ತಪಾಸಣೆ ಎಂದಷ್ಟೇ ಅಂದರು. ಅವನು ಬೆರಳು ಚುಚ್ಚಿಸಿಕೊಂಡು ಮುಂದಿನ ಬಸ್ಸಿಗೇ ಹೊರಟುಹೋದ, ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು. ಮಾವ ಸೊಸೆಯ ಜೀನಿನ ಗುರುತುಗಳಲ್ಲಿ ಒಂದೇ ಆಗಿರುವವು ಬಹಳ, ಆದ್ದರಿಂದ ಬೇರೆಬೇರೆಯಾದ ನಲವತ್ತನ್ನು ಆರಿಸಿ, ಯಂತ್ರ ಉಳಿಸಿಕೊಂಡಿದ್ದ ಹಿಂದಿನ ಹನಿಯ ಓದಿನ ಜೊತೆ ಹೋಲಿಸಬೇಕಾಯಿತು. ಸಂಜೆಯ ಹೊತ್ತಿಗೆ ಉತ್ತರ ಬಂತು. ನಲವತ್ತರಲ್ಲಿ ಒಂದೂ ಇಲ್ಲ.

ಮಹಾನಂದಾ ಉಸಿರುಬಿಟ್ಟಳು. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಸಾಲು ಕಂಡಿತು. ರಕ್ತ ಕೊಟ್ಟವರಿಗೆ ಅವರ ಫಲಿತಾಂಶ ನೇರವಾಗಿ ಹೋಗಬೇಕೆಂಬುದು ಕೇಂದ್ರದ ನಿಯಮ. ಅವಸರದಲ್ಲಿ ಅದನ್ನು ತಡೆಯುವುದನ್ನು ಇಬ್ಬರೂ ಮರೆತಿದ್ದರು. ಮಲ್ಲೇಶಿಯ ಫೋನಿಗೆ ಆಗಲೇ ಸಂದೇಶ ಹೋಗಿತ್ತು: ಮಾದರಿಯಲ್ಲಿ ತಂದೆಯ ಗುರುತು ಕಂಡುಬಂದಿಲ್ಲ.

ಫೋನು ಹಚ್ಚಿದರೆ ಅವನು ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಹಾನಂದಾ ಬೆಟಗೇರಿಗೆ ಹೊರಟಳು. ದಾರಿಯುದ್ದಕ್ಕೂ ಆಕೆಗೆ ಒಂದೇ ಅಂಜಿಕೆ: ತನ್ನ ಒಂದು ತಪ್ಪು ಕೂಸಿನ ಆರೋಗ್ಯವನ್ನು ತಿನ್ನುತ್ತಿದೆ, ಇನ್ನೊಂದು ತಪ್ಪು ಆ ಹೆಣ್ಣುಮಗಳ ಮಾನವನ್ನೇ ತಿಂದೀತು.

ಓಣಿಯ ಎಲ್ಲ ಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು, ಮಲ್ಲೇಶಿಯ ಮನೆಯೊಂದನ್ನು ಬಿಟ್ಟು. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ನಿನ್ನೆ ಸಂಜೆಯಿಂದ ಒಂದು ತುತ್ತು ಉಂಡಿಲ್ಲ, ಯಾಕಂದರೂ ಬಾಯಿ ಬಿಡುತ್ತಿಲ್ಲ ಎಂದು ನಾಗವ್ವ ದೂರಿದಳು. ಶಿವಲೀಲಾ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು, ಕಣ್ಣು ಊದಿತ್ತು; ಸಂದೇಶವನ್ನು ಆಕೆಯೂ ನೋಡಿದ್ದಳು. ಅವನು ಬೈದಿರಲಿಲ್ಲ, ಕೇಳಿರಲೂ ಇಲ್ಲ. ಕೇಳದೆ ಇದ್ದದ್ದೇ ಆಕೆಯನ್ನು ಹೆಚ್ಚು ನೋಯಿಸಿತ್ತು.

ಮಹಾನಂದಾ ನೆಲದ ಮೇಲೆ ಕೂತು, ಸಂದೇಶವನ್ನು ತಾನೇ ಗಟ್ಟಿಯಾಗಿ ಓದಿ ಹೇಳಿದಳು. ಬಚ್ಚಿಟ್ಟರೆ ಅದು ಬೆಳೆಯುತ್ತದೆ ಎಂದು ಆಕೆಗೆ ಗೊತ್ತಿತ್ತು. ನಾಗವ್ವ ಮಗನ ಕಡೆ ತಿರುಗಿದಳು.

"ಇದಕ್ಕ ಕುಂತಿದೇನ ಮೋರೆ ಗಂಟ ಹಾಕ್ಕೊಂಡು? ಆಕಿ ನನ್ನ ಮಗಳ ಮಗಳು. ಆಕಿ ಮ್ಯಾಲ ಸಂಶೆ ಬಂದ್ರ ನನ್ನ ಹೊಟ್ಟಿ ಮ್ಯಾಲ ಸಂಶೆ ಬಂದಂಗ. ನೀನೂ ಅದ ಹೊಟ್ಯಾಗ ಹುಟ್ಟೀದಿ, ತಿಳಕೋ."

"ಸಂಶೆ ಅಲ್ಲವಾ ಯವ್ವ," ಎಂದ ಮಲ್ಲೇಶಿ. "ತೆಲಿಗೆ ಏನೂ ಹತ್ತವಲ್ದು."

"ತಪ್ಪು ನಂದೈತ್ರಿ," ಎಂದಳು ಮಹಾನಂದಾ. "ಬ್ಯಾರೆ ಗಂಡಸಿಂದು ಇದ್ದಿದ್ರ ಬ್ಯಾರೆ ಗುರುತು ಇರತಿತ್ತು. ಇದರಾಗ ಯಾ ಗಂಡಸಿಂದೂ ಇಲ್ಲ. ಬರೇ ತಾಯೀದೈತಿ, ಪೂರಾ."

ಮಲ್ಲೇಶಿ ಅವಳನ್ನೇ ನೋಡಿದ. ಆಮೇಲೆ ಅವನ ಕಣ್ಣು ತನ್ನ ಮುಂದಿನ ಮಗ್ಗಕ್ಕೆ ಹೋಯಿತು, ಉದ್ದಕ್ಕೂ ಬಿಗಿದ ಹಾಸಿನ ನೂಲಿನ ಮೇಲೆ ನಿಂತಿತು, ಅಡ್ಡಕ್ಕೆ ಹೊಕ್ಕು ಇನ್ನೂ ಬೀಳದ ಕಡೆ. ನೇಕಾರನಿಗೆ ಲೆಕ್ಕ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ.

"ಬರೇ ಹಾಸು ಐತಿ, ಹೊಕ್ಕು ಇಲ್ಲ," ಎಂದ. "ಹೊಕ್ಕಿಲ್ದ ಅರಿವಿ ಆಗೂದಿಲ್ಲ. ಹಂಗಾರ ನೀವು ನೋಡಿದ್ದು ಕೂಸನ್ನ ಅಲ್ಲ."

"ಅಲ್ಲರಿ. ಶಿವಲೀಲಾರನ್ನ ನೋಡಿ ಕೂಸು ಅಂತ ಹೇಳೀನಿ."

ಒಂದು ಭಾರ ಇಳಿದ ಜಾಗಕ್ಕೆ ಇನ್ನೊಂದು ಬಂದು ಕೂತಿತ್ತು. ಹಾಗಾದರೆ ಕೂಸು ಹೇಗಿದೆ? ಅದು ಯಾರಿಗೂ ಗೊತ್ತಿಲ್ಲ. ಮತ್ತೊಮ್ಮೆ ಸೂಜಿ ಹಾಕಬೇಕು, ಅದೂ ಇಂದೋ ನಾಳೆಯೋ, ಗಡುವಿಗೆ ಎರಡೇ ವಾರ ಉಳಿದಿದೆ ಎಂದು ಮಹಾನಂದಾ ಹೇಳಿದಳು. ಸೂಜಿ ಎಂದ ಮೇಲೆ ಸಣ್ಣದಾದರೂ ಅಪಾಯ ಇದ್ದೇ ಇದೆ, ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಬಾಗಿಲಲ್ಲಿದ್ದ ಶಿವಲೀಲಾ ಮೊದಲ ಸಲ ಬಾಯಿ ತೆರೆದಳು. ಸೂಜಿ ಯಾರು ಹಿಡಿಯುತ್ತಾರೆ ಎಂದು ಕೇಳಿದಳು. ನೀವು ಬೇಡವೆಂದರೆ ಡಾಕ್ಟರೇ ಹಿಡಿಯುತ್ತಾರೆ ಎಂದಳು ಮಹಾನಂದಾ, ಆಕೆಯ ಮುಖ ನೋಡಲಾರದೆ.

"ನೀವ ಹಿಡೀರಿ," ಎಂದಳು ಶಿವಲೀಲಾ. "ತಪ್ಪು ಮಾಡಿ ಮನಿತನಕಾ ಬಂದು ಹೇಳಿದ ಕೈ ಅದು."

ಮಹಾನಂದಾ ಬಸ್ಸಿನಲ್ಲಿ ಕೂತು ಅತ್ತಳು. ಕೈಗುಣದ ಹೊಗಳಿಕೆ ಕೇಳಿದಾಗ ಎಂದೂ ಆಗದ ಹೆಮ್ಮೆ ಅಂದು ಆಕೆಗೆ ಆಯಿತು, ಹೆಮ್ಮೆಪಡುವ ಹೊತ್ತು ಅದಲ್ಲವೆಂದು ಗೊತ್ತಿದ್ದರೂ.

ಮರುದಿನ ಶ್ರೀವತ್ಸ ಸೂಜಿಯನ್ನು ಹಳೆಯ ಕ್ರಮಕ್ಕೆ ತಿರುಗಿಸಿಕೊಟ್ಟ. ಸೂಜಿ ಒಳಗೆ ಇಳಿಯಿತು, ಕೂಸು ಬಲಕ್ಕೆ ಹೊರಳುವುದನ್ನು ಕಾದು ಎಡಕ್ಕೆ ದಾರಿ ಮಾಡಿಕೊಂಡಿತು. ಮೊದಲ ಹನಿ ಬಂತು. ಮಹಾನಂದಾ ಅದನ್ನು ಬಿಳಿಯ ಬಟ್ಟೆಯ ಮೇಲೆ ಬಿಟ್ಟಳು. ಎರಡನೆಯದನ್ನೂ ಬಿಟ್ಟಳು. ಮೂರನೆಯದನ್ನು ಗಾಜಿನ ಪಟ್ಟಿಗೆ ತೆಗೆದುಕೊಂಡಳು. ಈ ಸಲ ನಲವತ್ತು ಗುರುತುಗಳಲ್ಲಿ ಇಪ್ಪತ್ತೊಂದು ಮಲ್ಲೇಶಿಯವು. ಇದೇ ಕೂಸು, ಇದೇ ಆ ಮನೆಯ ಹಾಸುಹೊಕ್ಕು. ನಲವತ್ತು ನಿಮಿಷದ ಮೇಲೆ ಉತ್ತರ ಬಂತು: ಪೂರ್ತಿ ದೋಷ.

ಕೊಂಡು ತಂದ ಹೊಸ ಕೆಂಪು ಪೆನ್ನಿನ ಮೊದಲ ಚುಕ್ಕೆ ಶಿವಲೀಲಾಳ ಹೆಸರಿನ ಮುಂದೆ ಬಿತ್ತು. ಸುದ್ದಿಯನ್ನು ಮಹಾನಂದಾಳೇ ಹೇಳಿದಳು. ನಾಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಮಲ್ಲೇಶಿ ಹೆಂಡತಿಯ ಕೈ ಹಿಡಿದ. ಮೂರನೆಯ ದಾರಿ ಇನ್ನೂ ತೆರೆದಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮದ್ದು ಬೇರೆಲ್ಲಿಂದಲೂ ತರಬೇಕಿಲ್ಲ. ತಾಯಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿ ರಕ್ತ ಹುಟ್ಟಿಸುವ ಕೋಶಗಳನ್ನು ಆರಿಸಿ, ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಕೊಡುವುದು. ಒಂಬತ್ತು ತಿಂಗಳು ತಾಯಿಯೊಳಗೇ ಇರುವ ಕೂಸು ತಾಯಿಯ ಕೋಶವನ್ನು ಪರಕೀಯವೆಂದು ಓಡಿಸುವುದಿಲ್ಲ. ಪರೀಕ್ಷೆಯನ್ನು ಕೆಡಿಸಿದ್ದು ತಾಯಿಯ ಕೋಶ, ಕೂಸನ್ನು ಉಳಿಸುವುದೂ ಅದೇ. ಇದನ್ನು ಕೇಳಿ ಶಿವಲೀಲಾ ಮೂಗು ಒರೆಸಿಕೊಂಡು, ಅದಕ್ಕೆ ಬೇಕಾದದ್ದು ನನ್ನ ಬಳಿಯೇ ಇದೆಯಲ್ಲ, ನಡೆಯಿರಿ ಎಂದು ಎದ್ದು ನಿಂತಳು. ದೊಡ್ಡಾಸ್ಪತ್ರೆಯಲ್ಲಿ ಅದು ನಡೆದಾಗ ಗಡುವಿಗೆ ಮೂರು ದಿನ ಬಾಕಿ ಇತ್ತು.

ಉಳಿದ ಮೂವತ್ತು ಮನೆಗಳಿಗೂ ಮಹಾನಂದಾ ಹೋದಳು. ಫೋನಿನಲ್ಲಿ ಹೇಳುವ ಮಾತಲ್ಲ ಇದು ಎಂದು ಡಾಕ್ಟರೂ ಎಷ್ಟೋ ಕಡೆ ಜೊತೆಗೆ ಬಂದರು. ಪೇಡೆ ಕೊಟ್ಟವರೇ ಬೈದರು, ಬೈಯಬೇಕಾದದ್ದೇ. ಎಲ್ಲರನ್ನೂ ಮತ್ತೆ ಪರೀಕ್ಷಿಸಿದಾಗ ಎಂಟು ಹಸಿರು, ಹದಿನಾರು ಹಳದಿ, ಶಿವಲೀಲಾಳನ್ನು ಸೇರಿಸಿ ಏಳು ಕೆಂಪು. ಏಳರಲ್ಲಿ ನಾಲ್ವರಿಗೆ ಗಡುವಿನೊಳಗೆ ಮದ್ದಾಯಿತು. ಮೂವರಿಗೆ ಆಗಲಿಲ್ಲ. ಆ ಮೂರು ಹೆಸರು ಮಹಾನಂದಾಳಿಗೆ ಇಂದಿಗೂ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತವೆ. ಆ ಕೂಸುಗಳಿಗೆ ರಕ್ತ ಏರಿಸುವ ದಿನ ಆಕೆ ರಜೆ ಹಾಕಿ ಹೋಗಿ ಕೂರುತ್ತಾಳೆ, ಯಾರೂ ಕರೆಯದಿದ್ದರೂ. ಮಹಿಳಾ ಮಂಡಳದವರು ಸನ್ಮಾನವನ್ನು ಸದ್ಯಕ್ಕೆ ಮುಂದೂಡಿದ್ದೇವೆ ಎಂದು ತಿಳಿಸಿದರು. ಅಚ್ಚಾಗಿ ಉಳಿದ ಕಾರ್ಡುಗಳು ದಪ್ಪಗಿದ್ದವು. ಗುರವ್ವ ಅವನ್ನು ಹಾಲಿನ ಚರಗಿಗಳಿಗೆ ಮುಚ್ಚಳ ಮಾಡಿಕೊಂಡಳು. ಆದರೆ ಬಾಗಿಲಿಂದ ಬಾಗಿಲಿಗೆ ಮಗಳ ಸುದ್ದಿ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಅದು ಮಹಾನಂದಾಳಿಗೆ ಚುಚ್ಚುತ್ತಿತ್ತು, ಕೇಳುವ ಧೈರ್ಯ ಬರಲಿಲ್ಲ.

ಕಂಪನಿಯವರು ತಪ್ಪೊಪ್ಪಿಕೊಂಡು ಎಲ್ಲ ಊರುಗಳ ಸೂಜಿಗಳನ್ನೂ ತಿದ್ದಿದರು. ಸೂಚನೆಯ ಹಾಳೆಯಲ್ಲಿ ಹೊಸ ಸಾಲೊಂದು ಸೇರಿತು: ಮೊದಲ ಎರಡು ಹನಿ ಚೆಲ್ಲುವುದು, ಈ ಹೆಜ್ಜೆಯನ್ನು ತಪ್ಪಿಸಲು ಯಾರಿಗೂ ಅಧಿಕಾರವಿಲ್ಲ. ಶ್ರೀವತ್ಸನ ಹಟದಿಂದ ಅದಕ್ಕೆ ಗೌಳಿ ಹೆಜ್ಜೆ ಎಂದು ಹೆಸರು ಬಿತ್ತು. ಎಲ್ಲೆಲ್ಲಿಯದೋ ಭಾಷೆಯವರು ಈಗ ಅದನ್ನು ಉಚ್ಚರಿಸಲು ನಾಲಿಗೆ ಹೊರಳಿಸುತ್ತಾರೆ. ಗುರವ್ವನಿಗೆ ಹೇಳಿದಾಗ, ನಮಗ್ಯಾಕ ಹೆಸರು, ಎಮ್ಮೆಯ ಹೆಸರು ಇಡಬೇಕಿತ್ತು ಎಂದು ಒಲೆಯ ಕಡೆ ತಿರುಗಿದಳು.

ಶಿವಲೀಲಾ ದೀಪಾವಳಿ ಕಳೆದ ಮೇಲೆ ಹಡೆದಳು. ಬೂದು ಪಟ್ಟಿ ಮುಚ್ಚಿಟ್ಟಿದ್ದನ್ನು ಕೂಸು ತಾನೇ ಬಂದು ಹೇಳಿತು: ಹೆಣ್ಣು. ನಾಗವ್ವ ಫೋನಿನಲ್ಲಿ ಆ ಒಂದು ಮಾತನ್ನು ಮೂರು ಸಲ ಹೇಳಿದಳು. ಆದರೆ ಮದ್ದು ಹತ್ತಿತೋ ಇಲ್ಲವೋ ಅಂದೇ ತಿಳಿಯುವಂತಿರಲಿಲ್ಲ. ಗರ್ಭದಿಂದ ತಂದ ರಕ್ತ ಕೆಲವು ತಿಂಗಳು ನಡೆಯುತ್ತದೆ, ತನ್ನ ರಕ್ತ ತಾನು ಮಾಡಿಕೊಳ್ಳುವ ಪಾಳಿ ಆಮೇಲೆ ಬರುತ್ತದೆ. ಗೌರಿಗೆ ಮೊದಲ ಬಾಟಲಿ ಏರಿಸಿದ್ದು ಎಂಟನೆಯ ತಿಂಗಳಲ್ಲಿ. ಹಾಗಾಗಿ ಒಂದು ವರ್ಷ ತುಂಬುವ ತನಕ ಎಲ್ಲರೂ ಉಸಿರು ಬಿಗಿಹಿಡಿದಿದ್ದರು.

ವರ್ಷ ತುಂಬಿದ ವಾರ ಮಲ್ಲೇಶಿ ಇಬ್ಬರು ಮಕ್ಕಳನ್ನೂ ಕರೆತಂದ. ಗೌರಿ ಎಂದಿನಂತೆ ಬಾಟಲಿಯ ಕೆಳಗೆ ಕೂತು ಬಣ್ಣ ತುಂಬಿದಳು. ತಂಗಿ ಅವಳ ಬಣ್ಣದ ಕಡ್ಡಿಗಳನ್ನು ಒಂದೊಂದಾಗಿ ಬಾಯಿಗೆ ಇಟ್ಟುಕೊಂಡು ಬೈಸಿಕೊಂಡಳು. ಅವಳ ರಕ್ತದ ಹಿಮೋಗ್ಲೋಬಿನ್ ಹನ್ನೊಂದೂವರೆ ಇತ್ತು, ಯಾರಿಂದಲೂ ಒಂದು ಹನಿ ಪಡೆಯದೆ. ಮಹಾನಂದಾ ಆ ಅಂಕಿಯನ್ನು ಮೂರು ಸಲ ನೋಡಿದಳು, ನಾಲ್ಕನೆಯ ಸಲ ಕಣ್ಣು ಮಂಜಾಯಿತು.

ಮರುದಿನ ರಜೆ. ತಾಯಿಯ ಮೊಣಕಾಲು ಮತ್ತೆ ಹಿಡಿದಿತ್ತು, ಮಹಾನಂದಾ ಕ್ಯಾನು ಹೊತ್ತು ಹಾಲು ಹಾಕಲು ಜೊತೆಗೆ ಹೋದಳು. ನಾಲ್ಕನೆಯ ಮನೆಯ ಒಡತಿ ಪಾತ್ರೆ ಹಿಡಿದು ಬಾಗಿಲಿಗೆ ಬಂದು, ಮಗಳನ್ನು ಕಂಡು ಕನಿಕರ ತೋರಿದಳು. ಮೊದಲು ಎಷ್ಟು ಹೆಸರಿತ್ತು, ನಿಮ್ಮ ಮಗಳ ಕೈಗುಣ ಹೋಯಿತಂತಲ್ಲ ಗುರವ್ವಾ ಎಂದಳು. ಮಹಾನಂದಾ ತಲೆ ತಗ್ಗಿಸಿದಳು.

ಗುರವ್ವ ಹಾಲು ಅಳೆಯುತ್ತಿದ್ದವಳು ಅಳತೆಯಿಂದ ಕಣ್ಣು ತೆಗೆಯಲಿಲ್ಲ.

"ಕೈಗುಣ ಹೋತ್ರೀ," ಎಂದಳು. "ಕೈ ಉಳದೈತಿ."

ಆಮೇಲೆ ಆ ಮನೆಗೆ ಎಂದಿಗಿಂತ ಒಂದು ಕೊಸರು ಹೆಚ್ಚಿಗೆ ಹಾಕಿ, ಮಗಳನ್ನು ಮುಂದೆ ಬಿಟ್ಟುಕೊಂಡು ಐದನೆಯ ಮನೆಗೆ ನಡೆದಳು. ಅಲ್ಲಿ ಬಾಗಿಲು ತೆರೆಯುವ ಮೊದಲೇ ಮಗಳ ಸುದ್ದಿ ಹೇಳತೊಡಗಿದ್ದಳು.